ತಟ್ಟೆಯಲ್ಲಿ ಬಂದ ಅಣಬೆ

ಮಳೆ ಹಿಡಿದರೆ ಸಾಕು, ನನ್ನ ಮೊಬೈಲಿನಲ್ಲಿ ಅಣಬೆಗಳು ಏಳತೊಡಗುತ್ತವೆ. ಸಸ್ಯಶಾಸ್ತ್ರದ ಮೇಷ್ಟರಾದ ಪಾಪಕ್ಕೆ ಬಂಧುಬಳಗದವರೆಲ್ಲ ಚಿತ್ರ ಕಳುಹಿಸಿ, "ತಿನ್ನಬಹುದೇ?" ಎನ್ನುತ್ತಾರೆ. ಹುತ್ತದ ಮೇಲಿತ್ತೋ, ಕೊಳೆತ ದಿಮ್ಮಿಯ ಮೇಲೋ, ಸಗಣಿಯ ಮೇಲೋ, ಯಾರೂ ಬಾಯಿ ಬಿಡುವುದಿಲ್ಲ. ಅಣಬೆ ಆಗಲೇ ಮಿಂದು, ಕಾಲು ಕತ್ತರಿಸಿಕೊಂಡು, ಸ್ಟೀಲ್ ತಟ್ಟೆಯಲ್ಲಿ ಕುಳಿತಿರುತ್ತದೆ. ಪಕ್ಕದಲ್ಲಿ ತುರಿದ ತೆಂಗಿನಕಾಯಿ!

ಈ ವಿಷಯದಲ್ಲಿ ಸಾಗರದ ಭಾವನದು ಒಂದು ಕೈ ಮೇಲು. ಮೊನ್ನೆ ಅವರದೂ ಬಂತು. "ಟೋಪಿಯ ಅಡಿಭಾಗ ಕಾಣಬೇಕು ಭಾವ, ಕೆಳಗಿನಿಂದ ತೆಗೆಯಿರಿ" ಎಂದೆ. ಅವರು ನೆಲದಲ್ಲಿ ಕುಳಿತು, ಅಕ್ಕನ ಕೈಯಲ್ಲಿ ತಟ್ಟೆ ಎತ್ತಿ ಹಿಡಿಸಿ, ತಟ್ಟೆಯ ತಳದ ಚಿತ್ರ ತೆಗೆದರು. ಅಕ್ಕನ ಮದುವೆಗೆ ಅದನ್ನು ಉಡುಗೊರೆ ಕೊಟ್ಟವರ ಹೆಸರು, ಊರು, ತಾರೀಖು ಎಲ್ಲವೂ ಸ್ಪಷ್ಟವಾಗಿದ್ದವು. ಅಣಬೆಯೊಂದೇ ಇರಲಿಲ್ಲ. ನಾನು ಸುಮ್ಮನಿದ್ದುದನ್ನು ಕಂಡು ಇನ್ನೊಂದು ಕಳುಹಿಸಿದರು. ಈ ಸಲ ತಟ್ಟೆ ಒರೆಸಿದ್ದರು.

ಹುತ್ತದ ಅಣಬೆಯಾಗಿದ್ದರೆ ಕಾಂಡ ಬೇರಿನಂತೆ ಮಣ್ಣಿನೊಳಗೆ ಇಳಿದು ಗೆದ್ದಲಿನ ಗೂಡು ಮುಟ್ಟುತ್ತದೆ. ಆ ಗುರುತೇ ಇವರ ಮನೆಯ ಕಸದ ಬುಟ್ಟಿ ಸೇರಿತ್ತು. ನಮ್ಮ ಅಜ್ಜಿ ಗುಡುಗಿದ ಮರುದಿನ ಬೆಳಗಾಗುವ ಮೊದಲೇ ಹೋಗಿ, ಬೆರಳಿನಿಂದ ಮಣ್ಣು ಕೆದಕಿ ಬುಡಸಹಿತ ಕೀಳುತ್ತಿದ್ದರು. ಜಾಗವನ್ನು ಮಕ್ಕಳಿಗೂ ಹೇಳಲಿಲ್ಲ. ಆ ಹುತ್ತಗಳ ಮೇಲೆ ಜೆಸಿಬಿ ಓಡಿ ಈಗ ಅಡಿಕೆ ತೋಟವಾಗಿದೆ.

"ಹುಳು ತಿಂದಿದೆ, ವಿಷವಿಲ್ಲ" ಎಂದು ಭಾವ ವಾದಿಸಿದರು. ನಮ್ಮ ಕರುಳನ್ನು ಕಿವುಚುವ ಅಣಬೆಯೂ ಹುಳುವಿಗೆ ಹಬ್ಬದೂಟವಾಗಬಹುದು. ಬೆಳ್ಳಿ ಲೋಟ ಕಪ್ಪಾಗಲಿಲ್ಲವೆಂಬುದೂ ಸಾಕ್ಷಿಯಲ್ಲ. ಕೊನೆಗೆ, ಅದು ಅಂಗಳದ ಹುಲ್ಲಿನಲ್ಲಿ ಎದ್ದದ್ದು ಎಂಬ ಸತ್ಯ ಹೊರಬಿತ್ತು. ನನ್ನ ಎದೆ ಧಸಕ್ಕೆಂದಿತು. ಹುಲ್ಲಿನಲ್ಲೇ ಏಳುವ ಕ್ಲೋರೋಫಿಲಮ್ ಮೊಲಿಬ್ಡೈಟಿಸ್ ಎಂಬ ವಿಷದ ಅಣಬೆ ಎಳೆಯದಾಗಿರುವಾಗ ಅಡಿಯಲ್ಲೂ ಬೆಳ್ಳಗೆ, ಸಾಧುವಿನಂತಿರುತ್ತದೆ. ತಿಂದವರಿಗೆ ವಾಂತಿ, ಭೇದಿ. ಅದರ ಬೀಜಕಣ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು. ಅಯೋಡಿನ್ ಬೆರೆತ ಮೆಲ್ಜರ್ ದ್ರಾವಣದಲ್ಲಿ ಅದು ಕೆಂಗಂದಾಗುವುದನ್ನು ಸೂಕ್ಷ್ಮದರ್ಶಕದಲ್ಲೇ ನೋಡಬೇಕು. ಭಾವನ ಬಳಿ ಇದ್ದದ್ದು ಪಂಚಾಂಗ ಓದುವ ಭೂತಗನ್ನಡಿ.

"ತಟ್ಟೆಯಲ್ಲಿರುವುದನ್ನು ಮುಟ್ಟಬೇಡಿ. ಅಂಗಳದಲ್ಲಿ ಅರಳಿರುವ ಇನ್ನೊಂದನ್ನು ತಂದು ಬಿಳಿ ಹಾಳೆಯ ಮೇಲೆ ಕವುಚಿ, ಬಟ್ಟಲು ಮುಚ್ಚಿಡಿ. ಬೆಳಿಗ್ಗೆ ಉದುರಿದ ಪುಡಿಯ ಬಣ್ಣ ಹೇಳಿ" ಎಂದೆ. ಹುತ್ತದ್ದಾದರೆ ನಸುಗೆಂಪು, ಕ್ಲೋರೋಫಿಲಮ್ ಆದರೆ ಹಸಿರು.

ಬೆಳಿಗ್ಗೆ ಭಾವನ ಫೋನ್. ದನಿಯಲ್ಲಿ ಸಂಭ್ರಮ.

"ಕರೆಂಟ್ ಬಿಲ್ಲಿನ ಹಿಂದೆಲ್ಲ ಹಸಿರು ಮಾರಾಯ! ಅಂದರೆ ಅಪ್ಪಟ ಸಾವಯವ, ಅಲ್ಲವೇ?"

"ಫೋನ್ ಅಕ್ಕನಿಗೆ ಕೊಡಿ" ಎಂದೆ.