ಸೈತಾನನ ಪ್ರತಿಮಧ್ಯಮ

ಮೊದಲು ಮಳೆ, ಗುಡುಗು, ಚರ್ಚಿನ ಗಂಟೆ. ಆಮೇಲೆ ಗಿಟಾರಿನಲ್ಲಿ ಮೂರೇ ಸ್ವರ. ಬ್ಲ್ಯಾಕ್ ಸಬ್ಬತ್ ಎಂಬ ಇಂಗ್ಲಿಷ್ ರಾಕ್ ತಂಡದ ಮೊದಲ ಆಲ್ಬಮ್ ಆರಂಭವಾಗುವುದು ಹೀಗೆ. ಇಂಗ್ಲೆಂಡಿನಲ್ಲಿ ಅದು ಬಿಡುಗಡೆಯಾದದ್ದು 1970ರ ಫೆಬ್ರವರಿ 13, ಶುಕ್ರವಾರ. ಅಲ್ಲಿಯವರಿಗೆ ಅದು ಅಪಶಕುನದ ದಿನ. ನಮ್ಮವರಾಗಿದ್ದರೆ ಪಂಚಾಂಗ ನೋಡಿ ಮುಂದೂಡುತ್ತಿದ್ದರು. ಹೆವಿ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತ ಹುಟ್ಟಿದ್ದು ಅಂದೇ ಎನ್ನುತ್ತಾರೆ ಅದರ ಭಕ್ತರು.

ಆ ಮೂರು ಸ್ವರಗಳು ನನಗೆ ಬಲು ಮೋಜು. ಮೊದಲನೆಯದನ್ನು ಷಡ್ಜವೆಂದಿಟ್ಟುಕೊಂಡರೆ ಎರಡನೆಯದು ತಾರಷಡ್ಜ, ಅಂದರೆ ಮೇಲಿನ ಸ; ಮೂರನೆಯದು ಪ್ರತಿಮಧ್ಯಮ, ಪಂಚಮಕ್ಕೆ ತುಸು ಕೆಳಗಿನ ತೀವ್ರ ಮ. ಯೂರೋಪಿನವರು ಷಡ್ಜಕ್ಕೂ ಪ್ರತಿಮಧ್ಯಮಕ್ಕೂ ನಡುವಿನ ಈ ಅಂತರಕ್ಕೆ ಸೈತಾನನ ಹೆಸರನ್ನೇ ಅಂಟಿಸಿದ್ದರು. ನಮ್ಮ 72 ಮೇಳಕರ್ತ ರಾಗಗಳಲ್ಲೋ, ಅಂದರೆ ತಾಯಿರಾಗಗಳಲ್ಲೋ, ಸರಿಯಾಗಿ ಅರ್ಧ ಪ್ರತಿಮಧ್ಯಮದವು! ಕಲ್ಯಾಣಿ ರಾಗದಲ್ಲಿ ಅದು ಬಂದರೆ ಮುಂದಿನ ಸಾಲಿನ ಹಿರಿಯರು ತಲೆದೂಗುತ್ತಾರೆ, ತಾಯತ ಹುಡುಕುವುದಿಲ್ಲ. ಹೆದರಿಸುವುದು ಬಹುಶಃ ಆ ನಿಧಾನವೇ ಇರಬೇಕು. ತುಂಬಿದ ಕೊಡವನ್ನು ಬಾವಿಯಿಂದ ಸೇದುವವರ ಹಾಗೆ ಒಂದೊಂದೇ ಸ್ವರವನ್ನು ಮೇಲೆಳೆಯುತ್ತಾರೆ.

ಗಿಟಾರ್ ನುಡಿಸಿದ ಟೋನಿ ಐಯೋಮಿ ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯಲ್ಲಿದ್ದವನು. ಕೆಲಸ ಬಿಡುವ ಕಡೆಯ ದಿನ, 17ರ ವಯಸ್ಸಿನಲ್ಲಿ, ಬಲಗೈಯ ಎರಡು ಬೆರಳ ತುದಿಗಳು ಯಂತ್ರಕ್ಕೆ ಸಿಕ್ಕಿ ಹೋದವು. ಎಡಚನಾದ್ದರಿಂದ ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿ, ಮೇಲೆ ಚರ್ಮ ಅಂಟಿಸಿ, ತೆಳುವಾದ ತಂತಿ ಕಟ್ಟಿ ಮತ್ತೆ ನುಡಿಸಿದ. ಮುಂದಿನ ಆಲ್ಬಮ್‌ಗಳಲ್ಲಿ ತಂತಿ ಸಡಿಲಿಸಿ ಶ್ರುತಿಯನ್ನೂ ಇಳಿಸಿದ. ಅದೇ ಸಂಪ್ರದಾಯವಾಯಿತು: ಹತ್ತೂ ಬೆರಳು ನೆಟ್ಟಗಿರುವ ಹುಡುಗರೂ ಇಂದು ಶ್ರುತಿ ಇಳಿಸದೆ ಮೆಟಲ್ ನುಡಿಸಲು ಸಂಕೋಚಪಡುತ್ತಾರೆ.

ಆ ಆಲ್ಬಮ್ಮನ್ನು ಒಂದೇ ದಿನದಲ್ಲಿ ಧ್ವನಿಮುದ್ರಿಸಿದರು. ವಿಮರ್ಶಕರು ಮೂಗು ಮುರಿದರು, ಜನ ಕೊಂಡರು. ಅದರ ಮೊಮ್ಮಕ್ಕಳೆನ್ನಬಹುದಾದ ಮೆಟಾಲಿಕಾ ತಂಡ 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೂ ಬಂದಿತ್ತು. 2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕ್ ಫುಟ್‌ಬಾಲ್ ಮೈದಾನದಲ್ಲಿ, ಬ್ಲ್ಯಾಕ್ ಸಬ್ಬತ್‌ನ ನಾಲ್ವರೂ ಬೆಳೆದ ಆಸ್ಟನ್‌ನಲ್ಲೇ, ತಂಡದ ಬೀಳ್ಕೊಡುಗೆಯ ಕಛೇರಿಗೆ ಶಿಷ್ಯವರ್ಗವೆಲ್ಲ ಸೇರಿತು. ಶಿಷ್ಯರು ಮೊದಲು, ಗುರುಗಳು ಕೊನೆಗೆ. ಕಛೇರಿಯ ಮರ್ಯಾದೆ ಅಲ್ಲೂ ಉಂಟು. ಪಾರ್ಕಿನ್ಸನ್ ಕಾಯಿಲೆಯಿದ್ದ ತಂಡದ ಗಾಯಕ ಆಜಿ ಆಸ್ಬರ್ನ್ ಸಿಂಹಾಸನದ ಮೇಲೆ ಕೂತೇ ಹಾಡಿದ. 17 ದಿನಗಳ ನಂತರ ತೀರಿಕೊಂಡ. ಈ ಗುರುಗಳಿಗಿಂತ ವೇಗವಾಗಿ ನುಡಿಸುವ ಶಿಷ್ಯರು ಬೇಕಾದಷ್ಟು ಮಂದಿ ಇದ್ದಾರೆ. ಇಷ್ಟು ನಿಧಾನವಾಗಿ ನುಡಿಸಿ ಕೇಳುಗರನ್ನು ಕೂರಿಸಬಲ್ಲವರು ಎಷ್ಟು ಮಂದಿಯೋ, ನನ್ನ ಕಿವಿಗಂತೂ ಹೆಚ್ಚು ಸಿಕ್ಕಿಲ್ಲ.