ಸೈಟಿತ್ತು, ಕೈಯಲ್ಲಿ ಕಾಸಿರಲಿಲ್ಲ

ಷೇರು, ಎಫ್‌ಡಿ ಜೊತೆಗೆ ಉಳಿತಾಯದ ಒಂದು ಪಾಲನ್ನು ಚಿನ್ನ, ಜಾಗ, ರೀಟ್‌ಗಳಿಗೂ (ಹಲವರ ಹಣ ಸೇರಿಸಿ ಬಾಡಿಗೆ ಕಟ್ಟಡಗಳಲ್ಲಿ ತೊಡಗಿಸುವ ಟ್ರಸ್ಟ್‌ಗಳಿಗೂ) ಹಂಚಿ ಎಂದಿದ್ದಾರೆ, ನಿಮ್ಮಲ್ಲಿ ಬಂದ ಹೂಡಿಕೆ ಕುರಿತ ಲೇಖನದ ಲೇಖಕರು. ಒಪ್ಪುವ ಮಾತೇ. ಆದರೆ ಬೇಕೆಂದಾಗ ಆ ದುಡ್ಡು ಎಷ್ಟು ದಿನಕ್ಕೆ ಕೈಗೆ ಬರುತ್ತದೆ ಎನ್ನುವುದನ್ನು ಇನ್ನೂ ಒತ್ತಿ ಹೇಳಬೇಕಿತ್ತು.

ನಮ್ಮ ತಂದೆ ನಿವೃತ್ತಿಯಾದಾಗ ಬಂದ ಹಣದಲ್ಲಿ ಬಹುಪಾಲು ಮೈಸೂರಿನ ಹೊರಗೆ ಒಂದು ಸೈಟಿಗೆ ಹಾಕಿದರು. ಅಮ್ಮನಿಗೆ ಹೃದಯದ ಆಪರೇಷನ್ ಅಂತಾದಾಗ ಸೈಟು ಮಾರಲು ಹೊರಟೆವು. ನೋಡಲು ಬಂದವರೆಲ್ಲ ಖಾತೆ, ಇಸಿ (ಋಣಭಾರ ಪತ್ರ) ಜೆರಾಕ್ಸ್ ಹಿಡಿದುಕೊಂಡು ಹೋದರು, ತಿರುಗಿ ಬರಲಿಲ್ಲ. ಕೊನೆಗೆ ಅಮ್ಮ ತಾವೇ ಬಳೆ ಬಿಚ್ಚಿಕೊಟ್ಟರು. ಬ್ಯಾಂಕಿನಲ್ಲಿ ತೂಕ ಹಾಕಿ ಅದೇ ಮಧ್ಯಾಹ್ನ ಸಾಲ ಕೊಟ್ಟರು. ಸೈಟು ಹೋಗಿದ್ದು 11 ತಿಂಗಳಾದ ಮೇಲೆ.

ಆಮೇಲೆ ನಾನು ಸರ್ಕಾರದ ಚಿನ್ನದ ಬಾಂಡ್ ತಗೊಂಡೆ, ಅಂದರೆ ಚಿನ್ನದ ಬೆಲೆಗೆ ತಕ್ಕಂತೆ ಹಣ ಸಿಗುವ ಪತ್ರ. ವರ್ಷಕ್ಕೆ ಶೇ 2.5 ಬಡ್ಡಿ, ಮೇಕಿಂಗ್ ಚಾರ್ಜು, ವೇಸ್ಟೇಜು ಯಾವುದೂ ಇಲ್ಲ. ಆದರೆ ಅವಧಿ 8 ವರ್ಷ, ಅವಸರಕ್ಕೆ ಆಗುವುದಿಲ್ಲ. 2024ರ ಫೆಬ್ರುವರಿಯ ಕಂತಿನ ನಂತರ ಹೊಸ ಬಾಂಡ್ ಕೊಡುವುದೂ ನಿಂತಿತು, ಈಗ ಗೋಲ್ಡ್ ಇಟಿಎಫ್ (ಷೇರಿನಂತೆ ಕೊಂಡು ಮಾರುವ ಚಿನ್ನದ ಫಂಡ್) ನೋಡಬೇಕು.

ಜಾಗದ ಮೇಲೆ ಆಸೆ ಇರುವವರಿಗೆ ರೀಟ್ ಒಳ್ಳೆಯದು ಅನ್ನಿಸುತ್ತದೆ. ದೇಶದ ಮೊದಲನೆಯದು, ನಮ್ಮ ಬೆಂಗಳೂರಿನ ಎಂಬೆಸಿ, 2019ರಲ್ಲಿ ಷೇರುಪೇಟೆಗೆ ಬಂತು. 2021ರಿಂದ ಒಂದೇ ಯೂನಿಟ್ ಕೂಡ ಕೊಳ್ಳಬಹುದು. ಬಾಡಿಗೆ ಆದಾಯದಲ್ಲಿ ಹಂಚಬಹುದಾದ ಹಣದ ಕನಿಷ್ಠ ಶೇ 90 ಹೂಡಿಕೆದಾರರಿಗೆ ಕೊಡಲೇಬೇಕು. ಬೆಲೆ ಇಳಿಯುವುದೂ ಉಂಟು, ಕಚೇರಿಗಳು ಖಾಲಿ ಬಿದ್ದರೆ ಬಾಡಿಗೆಗೂ ಪೆಟ್ಟು.

ಎಐಎಫ್ (ದೊಡ್ಡ ಹೂಡಿಕೆದಾರರಿಂದ ಹಣ ಸೇರಿಸುವ ಖಾಸಗಿ ಫಂಡ್) ಬಗ್ಗೆ ಮುಂದಿನ ಸಲ ಬರೆಯುವಾಗ ಕನಿಷ್ಠ ಹೂಡಿಕೆ ₹1 ಕೋಟಿ ಎಂದು ಮೊದಲ ಸಾಲಿನಲ್ಲೇ ತಿಳಿಸಿ, ದಯವಿಟ್ಟು.