ಜೋಸಿ ಕೇರಿ ಪಾಲು ಅಷ್ಟು ಚಿಕ್ಕದಲ್ಲ

ಅಮೆರಿಕದ ಮಕ್ಕಳ ಟಿವಿ ಕಾರ್ಯಕ್ರಮ ‘ದಿ ಚಿಲ್ಡ್ರನ್ಸ್ ಕಾರ್ನರ್’ ಪೂರ್ತಿ ಫ್ರೆಡ್ ರಾಜರ್ಸ್ ಕಟ್ಟಿದ್ದು, ಜೋಸಿ ಕೇರಿ ಜೊತೆಗೆ ನಿಂತು ನೆರವಾದರು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ಒಪ್ಪಲು ಆಗುವುದಿಲ್ಲ. 1954ರಲ್ಲಿ ಪಿಟ್ಸ್‌ಬರ್ಗ್‌ನ ಡಬ್ಲ್ಯುಕ್ಯುಇಡಿ ವಾಹಿನಿಯಲ್ಲಿ ಅದು ಶುರುವಾದಾಗ ಕ್ಯಾಮೆರಾ ಮುಂದೆ ಇದ್ದವರು ಜೋಸಿ. ರಾಜರ್ಸ್ ಸೆಟ್ಟಿನ ಹಿಂದೆ ಗೊಂಬೆ ಆಡಿಸುತ್ತಿದ್ದರು, ಸಂಗೀತ ನೋಡಿಕೊಳ್ಳುತ್ತಿದ್ದರು. ಮಕ್ಕಳಿಗೆ ಪರಿಚಯವಿದ್ದ ಮುಖ ಜೋಸಿಯದೇ ಅಲ್ವಾ?

ಅದೂ ನೇರ ಪ್ರಸಾರ. ಮಾತು ಬಹುಪಾಲು ಅಲ್ಲೇ ಹುಟ್ಟುತ್ತಿತ್ತು. ಡೇನಿಯಲ್ ಎಂಬ ಹುಲಿಗೊಂಬೆ ಮುಂದೆ ಏನು ಹೇಳುತ್ತದೋ ಗೊತ್ತಿಲ್ಲದೆ, ಅದನ್ನು ನಿಜವಾದ ಗೆಳೆಯನೆಂದೇ ನಂಬಿ ಉತ್ತರ ಕೊಡಬೇಕು. ಎದುರಿಗಿರುವವರು ನಂಬದಿದ್ದರೆ ಬಟ್ಟೆಯ ಗೊಂಬೆಗೆ ಜೀವ ಎಲ್ಲಿಂದ ಬರಬೇಕು? ನಾನು ಶಾಲೆಯಲ್ಲಿ ಮಕ್ಕಳ ಕೈಯಲ್ಲಿ ಗೊಂಬೆಯಾಟ ಮಾಡಿಸುತ್ತೇನೆ. ಗೊಂಬೆ ಆಡಿಸಲು ಬೇಕಾದಷ್ಟು ಮಕ್ಕಳು ಮುಂದೆ ಬರುತ್ತಾರೆ. ಗೊಂಬೆಯ ಕಣ್ಣು ನೋಡಿ ಮಾತಾಡುವ ಮಗು ಸಿಗುವುದೇ ಜಾಸ್ತಿ ಕಷ್ಟ.

ಇನ್ನು ಬರವಣಿಗೆಯನ್ನು ನೀವು ಮುಟ್ಟಲೇ ಇಲ್ಲ. ಅಲ್ಲಿನ ಎಷ್ಟೋ ಹಾಡುಗಳಿಗೆ ಪದ ಬರೆದವರು ಜೋಸಿ, ರಾಗ ಹಾಕಿದವರು ರಾಜರ್ಸ್. ಅವುಗಳಲ್ಲಿ ‘ಟುಮಾರೋ’ ಹಾಡು 1968ರಲ್ಲಿ ದೇಶದ ತುಂಬ ಪ್ರಸಾರ ಶುರುವಾದ, ರಾಜರ್ಸ್ ಅವರದೇ ಮಕ್ಕಳ ಕಾರ್ಯಕ್ರಮ ‘ಮಿಸ್ಟರ್ ರಾಜರ್ಸ್ ನೇಬರ್‌ಹುಡ್’ನ ಮೊದಲ ವರ್ಷಗಳಲ್ಲೂ ಕೇಳಿಸಿತು. ಡೇನಿಯಲ್, ಹದಿಮೂರನೇ ಕಿಂಗ್ ಫ್ರೈಡೇ ಇವೆಲ್ಲ ಜೋಸಿಯ ಜೊತೆ ಮಾತಾಡುತ್ತಲೇ ಬೆಳೆದ ಪಾತ್ರಗಳು. ರಾಜರ್ಸ್ ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ‘ದಿ ಚಿಲ್ಡ್ರನ್ಸ್ ಕಾರ್ನರ್’ ಕಾರ್ಯಕ್ರಮವನ್ನು ಇಬ್ಬರೂ ಸೇರಿ ಕಟ್ಟಿದರು. ದಯವಿಟ್ಟು ಆ ಭಾಗ ತಿದ್ದಿ.